ನಾಲ್ಕು ಆವರ್ತ ಖಾಲಿ

ದೊಡ್ಡಬೆಳವಂಗಲ
12 ನವೆಂಬರ್ 2025

ನರೇಶ್ ಅವರಿಗೆ, ರಮ್ಯಶ್ರೀ ಮಾಡುವ ನಮಸ್ಕಾರ.

ಹೆಸರು ಹಿಡಿದು ಬರೆದೆನೆಂದು ಮುಖ ಊದಿಸಿಕೊಳ್ಳಬೇಡಿ. ನೀವು ಅಂಚೆಯಲ್ಲಿ ಕಳಿಸಿದ ವಿಚ್ಛೇದನದ ಅರ್ಜಿಯಲ್ಲಿ ನಾನು ‘ಎರಡನೇ ಅರ್ಜಿದಾರಳು’. ಅರ್ಜಿದಾರಳು ಗಂಡನನ್ನು ‘ರೀ’ ಎಂದು ಕರೆಯಬಹುದೋ ಇಲ್ಲವೋ, ನಿಮ್ಮ ವಕೀಲರನ್ನೇ ಕೇಳಬೇಕು. ಫೋನ್ ಅಂತೂ ನೀವು ಎತ್ತುವುದಿಲ್ಲ.

ಸಹಿಯ ಮಾತು ಆಮೇಲೆ. ಆಷಾಢದಲ್ಲಿ ಮದುವೆಗಳಿಲ್ಲದೆ ಕೈ ಖಾಲಿ ಇತ್ತು. ದೊಡ್ಡಬಳ್ಳಾಪುರದಲ್ಲಿ ಆನಂದ್ ಮೇಷ್ಟ್ರ ಹತ್ತಿರ ಜಾಜ್ ಕಲಿಯಲು ಸೇರಿದೆ. ಬೆಂಗಳೂರಿನ ಹೋಟೆಲುಗಳಲ್ಲಿ ಮೂವತ್ತು ವರ್ಷ ನುಡಿಸಿ ಬಂದವರು. ಓಲಗದಲ್ಲಿ ಹದಿನೈದು ವರ್ಷ ಸ್ಯಾಕ್ಸೊಫೋನ್ ಊದಿದವಳಿಗೆ ಇನ್ನೇನು ಪಾಠವೆಂದು ಸೊಕ್ಕಿನಿಂದಲೇ ಹೋದೆ. ಅವರು ‘ಡೋರಿಯನ್’ ಎಂದು ಕೊಟ್ಟದ್ದು ನಮ್ಮ ಖರಹರಪ್ರಿಯದ ಸ್ವರಗಳೇ. ಏಳನ್ನೂ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಿಸಿದೆ. ಮೇಷ್ಟ್ರು ಆಕಳಿಸಿದರು. ಮೆಟ್ಲು ತೋರ್ಸಿದ್ದು ಸಾಕು, ಮನೆಯೊಳಕ್ಕೆ ಕರ್ಕೊಂಡೋಗಮ್ಮ ಎಂದರು.

ಆಮೇಲೆ ಮೂರೇ ಸ್ವರ ಕೊಟ್ಟರು: ರಿ, ಗ, ಪ. ಅಷ್ಟರಲ್ಲೇ ಒಂದು ಚಿಕ್ಕ ಮಾತು ಕಟ್ಟಬೇಕು. ಅದನ್ನೇ ತಾಳದ ಬೇರೆ ಕಡೆಯಿಂದ ಎತ್ತಬೇಕು, ಕೊನೆಯ ಸ್ವರ ಬದಲಿಸಬೇಕು, ಪ್ರತಿ ಸಲ ಷಡ್ಜಕ್ಕೆ ಓಡಿಬಂದು ಕೂರಬಾರದು. ಗಾಂಧಾರವನ್ನು ಅಲುಗಿಸದೆ ನೆಟ್ಟಗೆ ಹಿಡಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಒಂದು ದಿನ ನಾನು ಊದುತ್ತಿರುವಾಗ ಮೇಷ್ಟ್ರು ಬೆರಳೆತ್ತಿದರು. ಇನ್ನು ಮುಗಿಸು ಎಂದು ಅದರರ್ಥ. ನನಗೆ ಕೈ ಮೇಲೆದ್ದರೆ ಪುರೋಹಿತರೇ ಕಾಣುವುದು. ಕಣ್ಣು ಮುಚ್ಚಿ ಗಟ್ಟಿಮೇಳ ಊದಿಬಿಟ್ಟೆ. ಕೀಬೋರ್ಡ್ ನುಡಿಸುವ ಸಿಂಧು ಯಾರಿಗೆ ತಾಳಿ ಕಟ್ಟಿದ್ರು ಅಕ್ಕ ಅಂತ ಕೇಳಿದಳು. ಎಲ್ಲರ ಜೊತೆ ನಾನೂ ನಕ್ಕೆ. ಬಸ್ಸಿನಲ್ಲಿ ಮಾತ್ರ ಅಳು ಬಂತು. ನಿಮ್ಮ ಡೋಲು ಇಲ್ಲದೆ ಗಟ್ಟಿಮೇಳ ಊದಿದ್ದು ಅದೇ ಮೊದಲು.

ಒಂದು ಮಾತು ಆಡಿದ ಮೇಲೆ ಬಾಯಿ ಮುಚ್ಕೊಂಡಿರು, ಎದುರಿನವರು ಉತ್ತರ ಕೊಡ್ಲಿ ಅಂತ ಮೇಷ್ಟ್ರು ದಿನಾ ಹೇಳುತ್ತಾರೆ. ಕೇಳಿದಾಗಲೆಲ್ಲ ಚನ್ನರಾಯಪಟ್ಟಣದಲ್ಲಿ ಪಿಳ್ಳಣ್ಣನವರ ಮಗಳ ಮದುವೆ ನೆನಪಾಗುತ್ತದೆ. ಅವತ್ತು ಊಟದ ಹೊತ್ತಿಗೆ ಡೋಲಿನ ಸರದಿ ಬಂದಿತ್ತು. ಜನ ತಲೆದೂಗುತ್ತಿದ್ದಾರೆಂದು ನಾನು ಊದುತ್ತಲೇ ಇದ್ದೆ, ನಿಮಗೆ ತಾಳದ ಒಂದು ಆವರ್ತವನ್ನೂ ಬಿಡಲಿಲ್ಲ. ನಿನ್ ಊದೋದ್ರಲ್ಲಿ ನಾನೆಲ್ಲಿ ಬರ್ಲಿ ಅಂತ ನೀವು ಟೆಂಪೋದಲ್ಲಿ ಮೆತ್ತಗೇ ಕೇಳಿದಿರಿ. ಡೋಲು ಬಾರಿಸೋರು ಹತ್ತು ಜನ ಸಿಗ್ತಾರೆ ಅಂದೆ, ನಮ್ಮ ಓಲಗದ ಹುಡುಗರೆಲ್ಲರ ಮುಂದೆ. ಮರುದಿನವೇ ನೀವು ಹೊಸಕೋಟೆಯ ಓಲಗದ ಸೆಟ್ಟಿಗೆ ಸೇರಿಕೊಂಡಿರಿ. ಸಿಟ್ಟಿನಲ್ಲಿ ಬಾಯಿ ಜಾರಿತೆಂದು ಅಮ್ಮನಿಗೆ ಹೇಳಿದ್ದೆ. ಅದು ಸುಳ್ಳು. ನಿಮಗೆ ನೋಯಲಿ ಎಂದೇ ಅಂದದ್ದು. ತಪ್ಪಾಯಿತು. ಇಷ್ಟು ಹೇಳಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಇದೇ 23ನೇ ತಾರೀಕು ಭಾನುವಾರ ಸಂಜೆ ಐದಕ್ಕೆ ಮೇಷ್ಟ್ರ ಮನೆಯ ತಾರಸಿಯಲ್ಲಿ ನಮ್ಮ ಕಾರ್ಯಕ್ರಮ. ನಾನೇ ಕಟ್ಟಿದ ಮಾತುಗಳನ್ನು ಊದುತ್ತೇನೆ. ನಡುವೆ ನಾಲ್ಕು ಆವರ್ತ ಖಾಲಿ ಬಿಟ್ಟಿದ್ದೇನೆ. ಸಿಂಧು ತುಂಬುತ್ತೇನೆಂದಳು, ಬೇಡವೆಂದೆ. ಅದು ನಿಮ್ಮ ಜಾಗ. ನೀವು ಬರದಿದ್ದರೆ ಅಷ್ಟು ಹೊತ್ತೂ ವಾದ್ಯ ಕೆಳಗಿಳಿಸಿ ಸುಮ್ಮನೆ ನಿಲ್ಲುತ್ತೇನೆ. ಮರೆತುಹೋದಳೆಂದು ಜನ ಅಂದುಕೊಂಡರೆ ಅಂದುಕೊಳ್ಳಲಿ.

ನಿಮ್ಮನ್ನು ನೋಡಬೇಕು ಅನಿಸುತ್ತದೆ, ದಿನಾ ಅನಿಸುತ್ತದೆ. ಬನ್ನಿ. ಬಂದರೆ ಸಹಿಯ ವಿಷಯವನ್ನೂ ಎದುರಿಗೇ ಕೂತು ಮಾತಾಡೋಣ.

ದಾರಿ ನೋಡುತ್ತಿರುವ,
ರಮ್ಯಶ್ರೀ

ತಾ.ಕ.: ಮೇಲೆ ಹಾಗೆ ಬರೆದೆನಾದರೂ ಅರ್ಜಿ ಇದೇ ಕವರಿನಲ್ಲಿದೆ. ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿದ್ದೇನೆ. ನನ್ನ ಹತ್ತಿರವೇ ಇಟ್ಟುಕೊಂಡಿದ್ದರೆ ಅದನ್ನು ಇಸಿದುಕೊಳ್ಳಲಾದರೂ ನೀವು ಬರುತ್ತಿದ್ದಿರಿ. ಹಾಗೆ ಬರುವುದು ನನಗೆ ಬೇಡ.