ನಿಮ್ಮ ಗೇಟಿನ ಮೇಲೆ ನಗುವ ಹುಡುಗಿ

ಕ್ಯಾನ್ಸರ್ ಆಸ್ಪತ್ರೆಯ ನಿರ್ದೇಶಕರಾದ ಮಾನ್ಯರೇ,

ನಿಮ್ಮ ಗೇಟಿನ ಮೇಲಿನ ದೊಡ್ಡ ಫಲಕದಲ್ಲಿ ಹಲ್ಲು ಬಿಟ್ಟು ನಗುತ್ತಿರುವ ಹುಡುಗಿ ನನ್ನ ಮಗಳು. ಆ ಮುಂಭಾಗದ ಹಲ್ಲುಗಳು ಈಗ ಒಸಡಿನವರೆಗೆ ಮುರಿದಿವೆ, ಉಳಿದವು ಪುಡಿಯಾಗುತ್ತಿವೆ. ಚಿಕಿತ್ಸೆ ಕೊಡಿ ಎಂದು ಅದೇ ಗೇಟಿನೊಳಗೆ ಬಂದರೆ ನಿಮ್ಮವರು ನಮ್ಮನ್ನು ಹೊರಗೆ ಕಳಿಸುತ್ತಾರೆ. ಫಲಕದ ಕೆಳಗೆ ಮಾತ್ರ ದಪ್ಪ ಅಕ್ಷರಗಳಲ್ಲಿ ಬರೆಸಿದ್ದೀರಿ: "ಇವಳು ಗೆದ್ದಳು. ನಾವು ಸದಾ ಜೊತೆಗಿದ್ದೇವೆ." ನಾನು ಸಿಟಿ ಬಸ್ ಚಾಲಕ. ನಿಮ್ಮ ಗೇಟು ನನ್ನ ಮಾರ್ಗದ ಒಂದು ನಿಲ್ದಾಣ. ಆ ಸಾಲನ್ನು ದಿನವೂ ಹೋಗುತ್ತಾ ಬರುತ್ತಾ ಓದುವ ಭಾಗ್ಯ ನನ್ನದು.

ಅವಳನ್ನು ಬದುಕಿಸಿದ್ದು ನೀವೇ. ಅದನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ಹದಿನಾಲ್ಕರ ಹುಡುಗಿಗೆ ಮೂಗು ಕಟ್ಟಿತು, ಒಂದು ಕಿವಿ ಮಂದವಾಯಿತು, ಕತ್ತಿನಲ್ಲಿ ಗಂಟು ಎದ್ದಿತು. ಕಂಡ ಕಂಡ ವೈದ್ಯರೆಲ್ಲ ಶೀತ ಎಂದರು. ಮೂಗಿನ ಹಿಂದೆ, ಗಂಟಲಿನ ಮೇಲೆ ಅಡಗಿ ಕೂತಿದ್ದ ಗಡ್ಡೆಯನ್ನು ಹಿಡಿದವರು ನಿಮ್ಮ ವೈದ್ಯರೇ. "ಮಕ್ಕಳಲ್ಲಿ ಇದು ಅಪರೂಪ, ಆದ್ರೆ ಗುಣ ಮಾಡಬಹುದು" ಎಂದರು, ಮಾಡಿದರು. ಮೊದಲು ಡ್ರಿಪ್ಪಿನಲ್ಲಿ ಔಷಧಿ, ಆಮೇಲೆ ಜನ 'ಕರೆಂಟ್ ಕೊಡೋದು' ಎನ್ನುವ ವಿಕಿರಣ. ಮುಖದ ಅಳತೆಗೇ ಮಾಡಿದ ಜಾಲರಿಯ ಮುಖವಾಡ ಹಾಕಿ, ಮೇಜಿಗೆ ಬಿಗಿದು, ಅಲುಗಾಡದಂತೆ ಮಲಗಿಸುತ್ತಿದ್ದರು. ಮಾತಿನಮಲ್ಲಿಯಾದ ಅವಳನ್ನು ಮನೆಯಲ್ಲಿ ಮಲ್ಲಿ ಎಂದೇ ಕರೆಯುವುದು. ಅವಳು ಬಾಯಿ ಮುಚ್ಚಿಕೊಂಡಿದ್ದದ್ದು ಆ ಮುಖವಾಡದೊಳಗೆ ಮಾತ್ರ.

ಚಿಕಿತ್ಸೆ ಮುಗಿದಾಗ ಫೋಟೊ ತೆಗೆಸಿದಿರಿ. ನೀವೇ ಬಂದು ಅವಳ ತಲೆಯ ಮೇಲೆ ಕೈಯಿಟ್ಟಿರಿ. "ಇನ್ಮೇಲೆ ನೀನು ನಮ್ಮನೆ ಮಗಳು ಕಣಮ್ಮ. ಏನೇ ಆದ್ರೂ ನೇರ ನನ್ನ ಹತ್ರ ಬಾ" ಎಂದಿರಿ. ನನ್ನ ಹೆಂಡತಿ ಕಣ್ಣೊರೆಸಿಕೊಂಡಳು. ನಾನು ಆ ಮಾತನ್ನು ಅಕ್ಷರಶಃ ನಂಬಿದೆ.

ವಿಕಿರಣ ಗಡ್ಡೆಯ ಜೊತೆಗೆ ಬಾಯಿಯ ಎಂಜಲನ್ನೂ ಒಣಗಿಸಿತು. ಎಂಜಲಿಲ್ಲದ ಬಾಯಲ್ಲಿ ಹಲ್ಲು ಬಾಳುವುದಿಲ್ಲ ಎಂಬುದು ನಮಗೆ ನಾಲ್ಕು ವರ್ಷದಲ್ಲಿ ಮನದಟ್ಟಾಯಿತು. ಮಲ್ಲಿ ಈಗ ನಾಲ್ಕು ಮಾತಿಗೊಮ್ಮೆ ನೀರಿನ ಬಾಟಲಿಗೆ ಕೈ ಹಾಕುತ್ತಾಳೆ. ನಮ್ಮ ಬೀದಿಯ ದಂತವೈದ್ಯೆ ಅವಳ ಬಾಯಿ ನೋಡಿ ಕೈ ಹಿಂದೆಳೆದುಕೊಂಡರು. "ಕರೆಂಟ್ ಬಿದ್ದಿರೋ ದವಡೆ ಇದು. ನಾನು ಹಲ್ಲು ಕಿತ್ರೆ ಗಾಯ ಮಾಯದೆ ಮೂಳೆನೇ ಕೊಳೀಬಹುದು. ಎಲ್ಲಿ, ಎಷ್ಟು ಕೊಟ್ಟಿದ್ದಾರೆ ಅಂತ ಗೊತ್ತಿರೋ ಆಸ್ಪತ್ರೆಗೇ ಹೋಗಿ ಅಣ್ಣ, ತಡ ಮಾಡ್ಬೇಡಿ."

ಬಂದೆವು. ಮಕ್ಕಳ ವಿಭಾಗದವರು "ಹದಿನೆಂಟಾಯ್ತಲ್ಲ, ದೊಡ್ಡವರ ಕಡೆ ಹೋಗಿ" ಎಂದರು. ದೊಡ್ಡವರ ವಿಭಾಗದವರು "ಈಗ ಕ್ಯಾನ್ಸರ್ ಎಲ್ಲಿದೆ? ಇಲ್ಲ ಅಂದ್ಮೇಲೆ ಖುಷಿಯಾಗಿ ಮನೆಗೆ ಹೋಗಿ" ಎಂದರು. ಮಾನ್ಯರೇ, ನಿಮ್ಮ ಬಾಗಿಲು ತೆರೆಯಲು ಅವಳಿಗೆ ಕ್ಯಾನ್ಸರ್ ಮತ್ತೆ ಬರಬೇಕೆ? ನೀವು ಬದುಕಿಸಿದ ಮಗು ದೊಡ್ಡದಾಗುತ್ತದೆ ಎಂಬ ಸಂಗತಿ ನಿಮ್ಮ ಸಂಸ್ಥೆಗೆ ಹೊಳೆದೇ ಇರಲಿಲ್ಲವೆ? ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆತರು ಎಂದು ಲೋಕ ಪ್ರಯಾಣಿಕರನ್ನು ಬೈಯುತ್ತದೆ. ಇಲ್ಲಿ ಅಂಬಿಗರೇ ನಮ್ಮನ್ನು ದಡದ ಕೆಸರಿನಲ್ಲಿ ಇಳಿಸಿ ಕೈ ತೊಳೆದುಕೊಂಡಿದ್ದಾರೆ.

ಕೊನೆಗೆ ನೀವು ಹೇಳಿದಂತೆ ನೇರ ನಿಮ್ಮ ಹತ್ತಿರವೇ ಬಂದೆವು. ಕೋಣೆಯ ಹೊರಗೆ ನಿಮ್ಮ ಆಪ್ತ ಸಹಾಯಕರಿದ್ದರು. ಅವರ ಕುರ್ಚಿಯ ಹಿಂದಿನ ಗೋಡೆಯಲ್ಲೂ ಅದೇ ಫೋಟೊ. "ನೀವು ಯಾರು?" ಎಂದು ಕೇಳಿದರು. ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಮಗಳನ್ನು ತೋರಿಸಿ, "ಆ ಗೋಡೆ ಮೇಲಿರೋಳು ಇವಳೇ ಸಾರ್" ಎಂದೆ. ಅವರು ಗೋಡೆ ನೋಡಿದರು, ಅವಳನ್ನು ನೋಡಿದರು.

"ಹೋಲಿಕೆನೇ ಇಲ್ವಲ್ಲ ರೀ" ಎಂದರು.

ಆನೆಗೆ ತೋರಿಸುವ ಹಲ್ಲೇ ಬೇರೆ, ತಿನ್ನುವ ಹಲ್ಲೇ ಬೇರೆ ಎನ್ನುತ್ತಾರೆ. ನಿಮಗೆ ತೋರಿಸುವ ಹಲ್ಲು ನನ್ನ ಮಗಳದ್ದು. ಬಸ್ಸಿಳಿಯುವ ಹೆಂಗಸರು ಆ ಫಲಕ ನೋಡಿ "ಯಾರ ಮಗುವೋ, ಎಷ್ಟು ಚೆನ್ನಾಗಿ ನಗ್ತಾಳೆ" ಎನ್ನುವಾಗ ನಾನು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತೇನೆ. ನನಗೆ ಮೋಸವಾಗಿದೆ, ಮಾನ್ಯರೇ. ಇದಕ್ಕಿಂತ ಮೆದುವಾದ ಪದ ನನ್ನ ಬಳಿ ಇಲ್ಲ.

ನನ್ನ ಬೇಡಿಕೆ ಇಷ್ಟೇ. ಮಲ್ಲಿಯ ದವಡೆ ಕೊಳೆಯುವ ಮೊದಲು ಅವಳನ್ನು ಒಳಗೆ ಕರೆಯಿರಿ. ನಿಮ್ಮಲ್ಲಿ ಗುಣವಾದ ಮಕ್ಕಳ ಹಲ್ಲು, ಕಿವಿ, ಥೈರಾಯ್ಡ್ ನೋಡಲು ವಾರಕ್ಕೊಂದು ದಿನ ಒಂದು ಕೋಣೆ ತೆರೆಯಿರಿ. ಅಲ್ಲಿ ಯಾರೂ ವಯಸ್ಸು ಕೇಳಬಾರದು.

ಫಲಕವನ್ನೇ ಕಿತ್ತುಹಾಕಿ ಎಂದು ಬರೆಯಲು ಕೂತಿದ್ದೆ. ಮಗಳು ತಡೆದಳು. ಒಂದು ಗುಟುಕು ನೀರು ಕುಡಿದು ಹೇಳಿದಳು: "ಬೇಡಪ್ಪ, ನನ್ನ ಮುಖ ಇರ್ಲಿ. ಹೊಸದಾಗಿ ಬರೋ ಅಮ್ಮಂದಿರು ಅದನ್ನ ನೋಡಿನೇ ಧೈರ್ಯ ಮಾಡಿ ಒಳಗೆ ಹೋಗೋದು. ಕೆಳಗಿರೋ ಆ ಎರಡನೇ ಮಾತು, 'ಸದಾ ಜೊತೆಗಿದ್ದೇವೆ' ಅನ್ನೋದು, ಅದನ್ನ ಮಾತ್ರ ಅಳಿಸ್ಲಿ."

ಆ ಮಾತನ್ನು ನಿಜ ಮಾಡಿ. ಆಗದಿದ್ದರೆ ಒಂದು ಏಣಿ ಕೊಡಿ. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ನಾನೇ ಅಳಿಸಿ ಹೋಗುತ್ತೇನೆ.

ಇಂತಿ,
ನಿಮ್ಮ 'ಮನೆ ಮಗಳ' ಸ್ವಂತ ಅಪ್ಪ