ಅಂಟಬಾರದ್ದು, ಅಂಟಲೇಬೇಕಾದ್ದು

ಹೊಟ್ಟೆ ಹೊಲಿಯುವ ಡಾಕ್ಟರಿಗೆ, ಪುಸ್ತಕ ಹೊಲಿಯುವವನ ನಮಸ್ಕಾರ.

ಹಿಂದಿನ ಎರಡು ಆಪರೇಷನ್ನಿನಿಂದ ನನ್ನ ಕರುಳುಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದು ನೀವು ಹೇಳಿದಾಗ ನನ್ನಾಕೆ, "ಸದ್ಯ, ಇವರ ಹೊಟ್ಟೆಯೊಳಗಾದ್ರೂ ಒಗ್ಗಟ್ಟಿದೆಯಲ್ಲ" ಅಂದಳು. ನಾನೂ ನಕ್ಕೆ.

ಈ ಸಲ ಕೆಟ್ಟ ತುಂಡನ್ನು ಕತ್ತರಿಸಿ, ತುದಿಗಳನ್ನು ಹೊಲಿದು, ಮತ್ತೆ ಅಂಟದಂತೆ ಒಳಗೆ ಔಷಧಿ ಹಾಕುತ್ತೀರಿ. ಅದರಿಂದ ಹೊಲಿದ ತುದಿಗಳೂ ಕೂಡದೆ ಹೋದರೆ ಎಂದು ಕೇಳಿದೆ. "ಅಪರೂಪಕ್ಕೆ ಆಗುತ್ತೆ. ಒಂದು ವಾರದೊಳಗೆ ಗೊತ್ತಾಗುತ್ತೆ" ಅಂದಿರಿ.

ನಾನೂ ಹಸಿ ಹಾಳೆಗಳು ಅಂಟದಿರಲೆಂದು ನಡುವೆ ಮೇಣದ ಕಾಗದ ಇಡುವವನೇ. ಒಮ್ಮೆ ಮೇಣ ಪುಸ್ತಕದ ಬೆನ್ನಿಗೂ ತಾಗಿ, ಅಲ್ಲಿ ಅಂಟು ಹಿಡಿದಿರಲಿಲ್ಲ. ನೋಡಲು ಮದುಮಗನಂತಿದ್ದ ಪುಸ್ತಕ, ಗಿರಾಕಿ ತೆರೆದೊಡನೆ ಅವರ ಮಡಿಲಿಗೆ ಉದುರಿತು. ಅದನ್ನು ಮತ್ತೆ ಕಟ್ಟಿಕೊಡಲು ನಾನು ಅಂಗಡಿಯಲ್ಲೇ ಇದ್ದೆ.

ನೀವು ಆಪರೇಷನ್ನಿನ ಮರುದಿನವೇ ರಜೆಯ ಮೇಲೆ ಹೋಗುತ್ತೀರೆಂದು ನರ್ಸಮ್ಮ ಬಾಯಿಬಿಟ್ಟರು. ನನ್ನಾಕೆಗೆ ಇದು ತಿಳಿಯದು. ಇನ್ನೂ ನಗುತ್ತಿದ್ದಾಳೆ, ನಗಲಿ.

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಔಷಧಿಗೂ ಸಹಿ ಹಾಕಿದ್ದೇನೆ. ಆಪರೇಷನ್ನಿನ ದಿನಾಂಕದ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ರಜೆ ಮುಗಿಸಿ ಬಂದ ಮೇಲೆ ದಯವಿಟ್ಟು ನೀವೇ ತುಂಬಿ.

ಇಂತಿ,
ಅಕ್ಷರ ನಡುಗದಂತೆ ಬರೆಯಲು ಮೂರು ಹಾಳೆ ಹರಿದ
ನಿಮ್ಮ ರೋಗಿ