ಬರಹದ ಬಂಡೆಯ ಬೆಂಕಿ

ಮಸರಕಲ್,
೧೨ ಮಾರ್ಚ್ ೧೯೪೪

ಬಾಗಲವಾಡದ ಅಕ್ಕ ಗೋಪಮ್ಮನಿಗೆ ತಮ್ಮ ಸೂಗಪ್ಪನ ನಮಸ್ಕಾರ.

ಬರಹದ ಬಂಡೆಯ ಮೇಲೆ ಬೆಂಕಿ ಹಾಕಿದವನು ನಾನು, ನಿನ್ನ ಗಂಡನಲ್ಲ. ಐದು ತಿಂಗಳು ಇದನ್ನು ಮುಚ್ಚಿಟ್ಟೆ. ಪತ್ರ ಓದಿ ಹೇಳುವ ಈರಯ್ಯನವರಿಗೆ ಕೈಮುಗಿಯುತ್ತೇನೆ: ನಡುವೆ ಏನನ್ನೂ ಬಿಡದೆ, ಅಂಗಳದಲ್ಲಿ ನಿಂತು, ಅಕ್ಕನ ಅತ್ತೆ-ಮಾವನಿಗೂ ಕೇಳುವಂತೆ ಓದಿ.

ಅಂದು ಉರುಕುಂದಪ್ಪ ಭಾವ ದೇವದುರ್ಗದ ಕಚೇರಿಗೆ ಹೋಗಬೇಕಿತ್ತು. ಸಂಜೆಯತನಕ ತನ್ನ ಬದಲು ಬಂಡೆಯ ಕಾವಲಿಗೆ ನನ್ನನ್ನು ಕೂರಿಸಿದ. ಒಂದೇ ಕಡೆ ಕೂರುವುದು ನನ್ನಿಂದ ಆಗುವುದಿಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. ಯಪ್ಪ ಮನೆಗೊಂದು ಹಾಸುಗಲ್ಲು ಬೇಕೆನ್ನುತ್ತಿದ್ದ. ಕಲ್ಲು ಒಡೆಯುವ ನಮ್ಮವರು ಮಾಡುವಂತೆ ಜಾಲಿ ಕಟ್ಟಿಗೆ ಒಟ್ಟಿ ಬಂಡೆ ಕಾಯಿಸಿದೆ, ಆಮೇಲೆ ಬಡಿದು ಪದರ ಎಬ್ಬಿಸೋಣವೆಂದು. ಅದರಲ್ಲಿ ಕೊರೆದ ಬೌದ್ಧರ ಕಾಲದ ಆ ಅಕ್ಷರಗಳಿಂದ ನಾಲ್ಕು ಮಾರು ದೂರ ಬಿಟ್ಟಿದ್ದೆ, ಅಷ್ಟು ಸಾಕೆಂದುಕೊಂಡೆ. ಕಾವು ಕಲ್ಲಿನ ಒಳಗೊಳಗೇ ಹರಿಯಿತು. ಮೂರನೆಯ ಪೆಟ್ಟಿಗೆ ಆ ಕಡೆಯೇ ಸಿಡಿಯಿತು. ಎರಡು ಸಾಲು ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ಉದುರಿದವು.

ಹಳೆಯ ಶಾಸನಗಳನ್ನು ನೋಡಿಕೊಳ್ಳುವ, ಹೈದರಾಬಾದಿನಿಂದ ಬಂದ ಸಾಹೇಬರು ಬೈಯಲಿಲ್ಲ. ಮಂಡಿಯೂರಿ ಚೂರುಗಳನ್ನು ರುಮಾಲಿನಲ್ಲಿ ಕಟ್ಟಿಕೊಂಡರು. ಇವು ಇನ್ನು ಕೂಡುವುದಿಲ್ಲ ಎಂದರಂತೆ; ಜವಾನ ಪೀರಾ ಸಾಬ್ ನಮಗೆ ತಿಳಿಸಿದ. ಆಮೇಲೆ ಕಾವಲುಗಾರ ಯಾರೆಂದು ಕೇಳಿದರು. ಭಾವ ಮುಂದೆ ಬಂದು ಕೈಕಟ್ಟಿ ನಿಂತ. ನಾನು ಜನರ ಹಿಂದೆ ನಿಂತೆ.

ಲಂಚ ತಿಂದು ಕಲ್ಲು ಮಾರಿದನೆಂದು ಊರು ಆಡಿತು. ಅವನ ಮುಖ ನೋಡುವುದಿಲ್ಲವೆಂದು ನೀನೂ ಮಕ್ಕಳನ್ನು ಕರೆದುಕೊಂಡು ಬಾಗಲವಾಡದ ಅತ್ತೆಮನೆಗೆ ಹೋದೆ. ಆ ದಿನ ಗಾಡಿಗೆ ನಿನ್ನ ಗಂಟು ಏರಿಸಿದವನು ನಾನೇ, ಆಗಲೂ ಬಾಯಿ ಬಿಡಲಿಲ್ಲ.

ಕಳೆದ ವಾರ, ಆ ತಪ್ಪಿಗೆ ಭಾವನನ್ನು ಕೂಡಿಹಾಕಿರುವ ರಾಯಚೂರಿನ ಜೇಲಿನಲ್ಲಿ ಅವನನ್ನು ಕಂಡೆ. ಕೆಮ್ಮಿದರೆ ಬಟ್ಟೆಯಲ್ಲಿ ರಕ್ತ. ನಿಜ ಹೇಳಿಬಿಡುತ್ತೇನೆ ಎಂದೆ.

"ಸುಮ್ಕಿರಲೇ," ಎಂದ. "ನೀನೂ ಒಳಗ ಬಂದ್ರ ನಿಮ್ಮಕ್ಕಗ ತವರಮನಿ ಬಾಗಲಾ ತೆಗಿಯೋರು ಯಾರು?"

ನಿನ್ನ ಮೇಲೆ ಅವನಿಗೆ ಸಿಟ್ಟಿಲ್ಲ, ಅಕ್ಕ. ಅದನ್ನು ಕೇಳಿ ಬಂದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ನನ್ನನ್ನು ಕ್ಷಮಿಸೆಂದು ಕೇಳುವುದಿಲ್ಲ. ಹೋಗಿ ಅವನನ್ನು ನೋಡು, ತಡಮಾಡಬೇಡ.

ನಿನ್ನ ತಮ್ಮ,
ಸೂಗಪ್ಪ

ತಾ.ಕ.: ಇದು ಎರಡನೆಯ ಪತ್ರ. ಮೊದಲನೆಯದನ್ನು ಸಂಕ್ರಾಂತಿಗೇ ಬರೆದು ಯಪ್ಪನಿಗೆ ಓದಿ ಹೇಳಿದ್ದೆ. ಅವನು ಹರಿದುಹಾಕಿದ. ಹರಿಯುತ್ತಾನೆಂದು ಗೊತ್ತಿದ್ದೇ ಓದಿದ್ದೆ. ಇದನ್ನು ಅವನಿಗೆ ಓದಿಲ್ಲ. ನಾಳೆ ಬೆಳಿಗ್ಗೆ ರಾಯಚೂರಿಗೆ ಹೋಗುತ್ತೇನೆ, ಜಿಲ್ಲೆಯ ಸಾಹೇಬರ ಕಚೇರಿಗೆ, ನಿಜ ಹೇಳಲು.